ಜಿನ್ ಲೋಟದಲ್ಲಿ ನಮ್ಮ ಕಾಳುಮೆಣಸು

ಜಿನ್ ಎಂದರೆ ಮದ್ಯ. ಅದರ ವಿಚಾರ ಬೆಳೆಗಾರರ ಪತ್ರಿಕೆಯಲ್ಲೇಕೆ ಎಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಕುಡಿಯಿರೆಂದು ಬರೆಯುತ್ತಿಲ್ಲ, ನಾನು ಕುಡಿಯುವವನೂ ಅಲ್ಲ. ಆದರೆ ಎಲೆಚುಕ್ಕೆ ರೋಗದಿಂದ ಅಡಿಕೆ ತೋಟ ಸೊರಗಿರುವ ಈ ದಿನಗಳಲ್ಲಿ, ವಾನಳ್ಳಿ ಕಡೆಯ ತೋಟದ ಮೆಣಸು, ಜಾಯಿಕಾಯಿ, ಏಲಕ್ಕಿಯಂಥ ಉಪಬೆಳೆಗಳಿಗೆ ಎಲ್ಲೆಲ್ಲಿ ಗಿರಾಕಿ ಇದೆಯೆಂಬುದು ನಮಗೆ ತಿಳಿದಿರಬೇಕಷ್ಟೆ.

ಬೆಂಗಳೂರಿನಲ್ಲಿ ಜಿನ್ನನ್ನೇ ಮುಖ್ಯವಾಗಿಟ್ಟುಕೊಂಡ ಪಾನಗೃಹಗಳು ಕೆಲವು ವರ್ಷಗಳಿಂದ ಹುಟ್ಟಿಕೊಂಡಿವೆ. 2016ರಲ್ಲಿ ತೆರೆದ ‘ಟೋಸ್ಟ್ ಆಂಡ್ ಟಾನಿಕ್’ ಅಂಥವುಗಳಲ್ಲೊಂದು. ಇತ್ತೀಚೆಗೆ ತಮ್ಮನ ಮಗ ಅಂಥದೇ ಇನ್ನೊಂದು ಜಾಗಕ್ಕೆ ಕರೆದೊಯ್ದ. ಗೋಡೆಯುದ್ದಕ್ಕೂ ಜಿನ್ ಬಾಟಲಿಗಳು. ಎದುರಿನ ಗಾಜಿನ ಭರಣಿಗಳಲ್ಲಿ ಜಾಯಿಪತ್ರೆ, ಕೊತ್ತುಂಬರಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ, ಮುರುಗಲು. ಕಿರಾಣಿ ಅಂಗಡಿಗೆ ಬಂದೆನೇ ಎನಿಸಿತು. ತಿನ್ನಲು ‘ತಾಪಾಸ್’ ಎಂಬ ಪುಟ್ಟ ಪುಟ್ಟ ತಟ್ಟೆಯ ತಿಂಡಿಗಳು. ಸ್ಪೇನ್ ದೇಶದ ಮಾತಿನಲ್ಲಿ ತಾಪಾ ಎಂದರೆ ಮುಚ್ಚಳ. ಹುರಿದ ಬಾದಾಮಿ, ಉಪ್ಪಿನಲ್ಲಿಟ್ಟ ಆಲಿವ್ ಕಾಯಿ, ಆಲೂಗಡ್ಡೆ ಹೋಳು. ನಮ್ಮ ಮಿಡಿ ಉಪ್ಪಿನಕಾಯಿ ಅಲ್ಲಿ ಚೆನ್ನಾಗಿ ಸಲ್ಲುತ್ತಿತ್ತು.

ಹುಡುಗನ ಮುಂದೆ ದೊಡ್ಡ ಬುರುಡೆಯಂಥ ಗಾಜಿನ ಲೋಟ ಬಂತು. ಮೇಲೆ ಏಳೆಂಟು ಮೆಣಸಿನ ಕಾಳು ತೇಲುತ್ತಿದ್ದವು. “ದೊಡ್ಡಪ್ಪ, ನಮ್ಮನೆ ಮೆಣಸಿನ ಹಾಂಗೇ ಇದ್ದು” ಎಂದ. ಆ ಲೋಟದ ಬೆಲೆ ಹೆಚ್ಚುಕಡಿಮೆ ಒಂದು ಕಿಲೋ ಮೆಣಸಿನ ಧಾರಣೆ!

ನಾನು ಬರೀ ಟಾನಿಕ್ ನೀರು ತರಿಸಿಕೊಂಡೆ. ಅದರ ಕಹಿ ಕ್ವಿನೈನಿನದು. ಮಲೆನಾಡಿನ ಚಳಿಜ್ವರಕ್ಕೆ ನಮ್ಮ ಹಿರಿಯರು ಮುಖ ಕಿವುಚಿ ನುಂಗುತ್ತಿದ್ದ ಅದೇ ಕ್ವಿನೈನು. ಸಿಂಕೋನಾ ಮರದ ಈ ತೊಗಟೆಮದ್ದಿನ ಕಹಿ ಮರೆಸಲು ಬ್ರಿಟಿಷರು ಸಕ್ಕರೆ, ನಿಂಬೆ, ಜಿನ್ ಬೆರೆಸಿದರು. ಮದ್ದು ಹೀಗೆ ಶೋಕಿಯಾಯಿತು. ಇಂದಿನ ಟಾನಿಕ್ಕಿನಲ್ಲಿ ಕ್ವಿನೈನು ಅತ್ಯಲ್ಪ, ಜ್ವರಕ್ಕೆ ಉಪಯೋಗವಿಲ್ಲ.

ಜಿನ್ ಮಾಡುವ ಕ್ರಮ ದಾಲ್ಚಿನ್ನಿ ಎಲೆಯ ಎಣ್ಣೆ ತೆಗೆಯುವ ಭಟ್ಟಿಯನ್ನು ನೋಡಿದವರಿಗೆ ಹೊಸದಲ್ಲ. ಶುದ್ಧ ಮದ್ಯಸಾರದಲ್ಲಿ ಜೂನಿಪರ್ ಕಾಯಿ ಮತ್ತು ಸಂಬಾರಗಳನ್ನು ನೆನೆಹಾಕಿ ಭಟ್ಟಿ ಇಳಿಸುತ್ತಾರೆ. ಜೂನಿಪರ್ ಇಲ್ಲದೆ ಜಿನ್ ಇಲ್ಲ. ನಮ್ಮ ಆಯುರ್ವೇದ ಇದನ್ನು ಹಪುಷಾ ಎನ್ನುತ್ತದೆ. ಹಿಮಾಲಯದ ಜೂನಿಪರ್ ಬಳಸುವ ‘ಹಪುಸಾ’ ಎಂಬ ಜಿನ್ನೇ ಇದೆ. 2018ರಲ್ಲಿ ಗೋವೆಯಿಂದ ಹೊರಬಂದ ‘ಸ್ಟ್ರೇಂಜರ್ ಆಂಡ್ ಸನ್ಸ್’ ಜಿನ್ನಿಗೆ ಕಾಳುಮೆಣಸು, ಜಾಯಿಕಾಯಿ, ಜಾಯಿಪತ್ರೆ ಬೀಳುತ್ತವೆ. ಗೋವೆಯೆಂದರೆ ನಮ್ಮ ಕಾರವಾರದ ಆಚೆ ಬದಿ.

ಇಲ್ಲೊಂದು ಸೂಕ್ಷ್ಮವಿದೆ. ಮೆಣಸಿನ ಖಾರ ಪೈಪರಿನ್ನಿನದು. ಅದು ಆವಿಯಾಗಿ ಏರುವುದಿಲ್ಲ. ಏರುವುದು ಪರಿಮಳದ ಎಣ್ಣೆ ಮಾತ್ರ. ಆದ್ದರಿಂದ ಭಟ್ಟಿಯವನು ಕೊಳ್ಳುವುದು ಖಾರವನ್ನಲ್ಲ, ಪರಿಮಳವನ್ನು. ಜೊಳ್ಳು ಕಾಳು, ಬೂಸಲು ಹಿಡಿದ ಕಾಳು ಅವನಿಗೆ ಬೇಡ. ಬಿಡಿಸಿದ ಮೆಣಸನ್ನು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಸ್ವಚ್ಛ ಕಣದಲ್ಲಿ ಒಣಗಿಸಿದರೆ ಒಂದೇ ಸಮನಾದ ಕಪ್ಪು ಬಣ್ಣ ಬರುತ್ತದೆ, ಧೂಳೂ ಹೋಗುತ್ತದೆ.

ಇದನ್ನು ನಂಬಿ ತೋಟ ಬದಲಿಸಹೊರಟವರಿಗೆ ಬೇಡವೆಂದೇ ಹೇಳುತ್ತೇನೆ. ಲೀಟರಿಗೆ ಬೀಳುವುದು ಗ್ರಾಮುಗಳ ಲೆಕ್ಕದಲ್ಲಿ. ನಮ್ಮ ಕ್ವಿಂಟಲುಗಟ್ಟಲೆ ಮಾಲು ಇಲ್ಲಿ ಕರಗದು. ಜಾಯಿಪತ್ರೆಯ ಮಾತು ಬೇರೆ. ಕಾಯಿ ಒಡೆಯುವುದು ಮಳೆಗಾಲದಲ್ಲಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇವೆ, ಹೊಗೆಯ ವಾಸನೆ ಅಂಟುತ್ತದೆ. ಪಾನಗೃಹದವನಿಗೆ ನಾನು ಚೀಲದಲ್ಲಿದ್ದ ಮನೆಯ ಪತ್ರೆ ತೋರಿಸಿದೆ. ಮೂಸಿ ನೋಡಿ, “ಸರ್, ಬಣ್ಣ ಚೆನ್ನಾಗಿದೆ, ಆದರೆ ಹೊಗೆ ಬರುತ್ತಿದೆ” ಎಂದು ಮರಳಿಸಿದ. ಹೊಗೆ ತಾಗದ ಒಣಗೂಡು ನಾಲ್ಕು ಮನೆ ಸೇರಿ ಕಟ್ಟಿಕೊಂಡರೆ ಖರ್ಚು ಎಷ್ಟಾದೀತೆಂದು ಮಳೆ ಹಿಡಿಯುವ ಮೊದಲೇ ಲೆಕ್ಕ ಹಾಕಬೇಕಾಗಿದೆ.