ಸಾಹೇಬರು ಬಂದು ಹೋದ ಮೇಲೆ

ಉತ್ತರ ಕರ್ನಾಟಕದಲ್ಲಿ ಒಬ್ಬ ಸರ್ಕಾರಿ ನೌಕರರ ಹುದ್ದೆಯೇ ಅವರ ಹೆಸರಿನ ಮೊದಲ ಭಾಗವಾಗಿ ಉಳಿದುಕೊಂಡಿದೆ. ಅವರು ಡೆಪ್ಯುಟಿ ಚನ್ನಬಸಪ್ಪ (1833–1881). ಈ ಡೆಪ್ಯುಟಿ ಕಂದಾಯದವರೂ ಅಲ್ಲ, ಪೊಲೀಸರೂ ಅಲ್ಲ; ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರ್. ಊರೂರು ತಿರುಗಿ ಶಾಲೆಗಳ ತನಿಖೆ ಮಾಡುವುದು ಅವರ ನೌಕರಿ. ತನಿಖೆಗೆ ಬಂದವರನ್ನು ಜನ ಸಾಮಾನ್ಯವಾಗಿ ಅವರು ಊರು ದಾಟುವ ಮೊದಲೇ ಮರೆಯಲು ಬಯಸುತ್ತಾರೆ. ಚನ್ನಬಸಪ್ಪನವರನ್ನು ಮಾತ್ರ ಒಂದೂವರೆ ಶತಮಾನವಾಗುತ್ತ ಬಂದರೂ ನೆನೆಯುತ್ತಿದ್ದಾರೆ. ಏಕೆ ಎಂದು ಹುಡುಕಹೊರಟರೆ, ಶಾಲೆಯೊಂದು ಸುಧಾರಿಸಲು ಮೇಲಿನವರು ಏನು ಮಾಡಬೇಕು ಎಂಬ ಹಳೆಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಇನ್‌ಸ್ಪೆಕ್ಟರ್ ಎಂಬ ಪ್ರಾಣಿ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಕೂಲಿಮಠದ ಅಯ್ಯನವರಿಗೆ ಮೇಲಧಿಕಾರಿ ಎಂಬವರಿರಲಿಲ್ಲ. ಮಗ ಓಲೆ ಓದಲು, ಲೆಕ್ಕ ಬಿಡಿಸಲು ಕಲಿತನೋ ಇಲ್ಲವೋ ಎಂದು ತಂದೆಯೇ ನೋಡಿಕೊಳ್ಳುತ್ತಿದ್ದ. 1854ರಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣ ಸಂಬಂಧದ ಆಜ್ಞಾಪತ್ರದ ಮೇಲೆ ಪ್ರಾಂತಕ್ಕೊಂದು ವಿದ್ಯಾ ಇಲಾಖೆ ಹುಟ್ಟಿತು. ಅದಕ್ಕೊಬ್ಬ ನಿರ್ದೇಶಕ, ಅವನ ಕೆಳಗೆ ಇನ್‌ಸ್ಪೆಕ್ಟರುಗಳು, ಅವರ ಕೆಳಗೆ ಡೆಪ್ಯುಟಿಗಳು. ಸರ್ಕಾರದ ಹಣ ಶಾಲೆಗೆ ಹೋಗುತ್ತದೆಂದ ಮೇಲೆ ಅದು ಸರಿಯಾಗಿ ಖರ್ಚಾಯಿತೇ ಎಂದು ನೋಡುವ ಕಣ್ಣು ಬೇಕಲ್ಲ! ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳಿಗೆ ಈ ಕಣ್ಣು ಬೇಗ ಬಂತು; ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಇಲಾಖೆ ಆರಂಭವಾಯಿತು.

ಮೈಸೂರಿನ ಕಣ್ಣು ಶಾಲೆಯಾಚೆಗೂ ನೋಡಿತು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಶಾಲೆಗಳ ಇನ್‌ಸ್ಪೆಕ್ಟರಾಗಿ ತಿರುಗುವಾಗ ಹಳ್ಳಿಗಳಲ್ಲಿ ಬಿದ್ದಿದ್ದ ಶಾಸನಗಳನ್ನು ಕಂಡು ಬೆರಗಾದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳ ಬೀಜ ಬಿದ್ದದ್ದು ಈ ಶಾಲಾ ತಪಾಸಣೆಯ ದಾರಿಯಲ್ಲಿ. ಹೋಬಳಿಗೊಂದು ಶಾಲೆ ಎಂಬ 1868ರ ಯೋಜನೆಯೂ ಅವರದೇ. ಕಚೇರಿಯಲ್ಲಿ ಕೂತವರಿಗೆ ಇವೆರಡೂ ಹೊಳೆಯುತ್ತಿರಲಿಲ್ಲ.

ಧಾರವಾಡದ ಕಡೆ ಪರಿಸ್ಥಿತಿ ಬೇರೆ. ಪೇಶ್ವೆಯರ ಕಾಲದಿಂದ ಕಚೇರಿಯಲ್ಲಿ ಮರಾಠಿ ನಡೆಯುತ್ತಿತ್ತು. ಹೊಸ ಶಾಲೆಗಳಲ್ಲೂ ಮರಾಠಿಯೇ ಬಂತು. ಮನೆಯಲ್ಲಿ ಕನ್ನಡ ಆಡುವ ಹುಡುಗ ಶಾಲೆಯಲ್ಲಿ ಇನ್ನೊಂದು ಭಾಷೆಯಲ್ಲಿ ಮಗ್ಗಿ ಒಪ್ಪಿಸಬೇಕು. ಇಂಥ ಶಾಲೆಯನ್ನು ಎಷ್ಟು ಸಲ ತನಿಖೆ ಮಾಡಿದರೂ ಹುಡುಗ ಹಿಂದೆಯೇ ಉಳಿಯುತ್ತಾನೆ. ಚನ್ನಬಸಪ್ಪನವರು ದೋಷವನ್ನು ಹುಡುಗನ ತಲೆಯಲ್ಲಿಯೋ ಮಾಸ್ತರನ ಸೋಮಾರಿತನದಲ್ಲಿಯೋ ಹುಡುಕಲಿಲ್ಲ. ಕನ್ನಡ ಶಾಲೆಗಳು ಬೇಕು ಎಂದರು. ಕನ್ನಡ ಶಾಲೆಗೆ ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರು ಬೇಕು, ಮಾಸ್ತರಿಗೆ ತರಬೇತಿ ಬೇಕು, ಇಬ್ಬರ ಕೈಗೂ ಪುಸ್ತಕ ಬೇಕು. ತನಿಖೆಯ ಅಧಿಕಾರ ಅವರ ಕೈಯಲ್ಲಿದ್ದುದರಿಂದಲೇ ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಅವರು ಮುಟ್ಟಬಲ್ಲವರಾದರು.

ಅವರೊಬ್ಬರೇ ಇದ್ದರೆಂದಲ್ಲ. ಧಾರವಾಡದ ಶಿಕ್ಷಕ ತರಬೇತಿ ಶಾಲೆಯ ಸುತ್ತ ಒಂದು ಬಳಗವೇ ಇತ್ತು. ತುರಮುರಿ ಗಂಗಾಧರ ಮಡಿವಾಳೇಶ್ವರರು, ವೆಂಕಟ ರಂಗೋ ಕಟ್ಟಿಯವರು ಎಲ್ಲರೂ ಈ ಇಲಾಖೆಯ ಉಪ್ಪುಂಡವರೇ. ಷೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು 1871ರಲ್ಲಿ ಕನ್ನಡಿಸಿದ ಚನ್ನಬಸಪ್ಪನವರ ಕಣ್ಣ ಮುಂದೆ ಓದುವವರಾಗಿ ಇದ್ದದ್ದು ಬಹುಶಃ ಶಾಲೆ ಮುಗಿಸಿದ ಹುಡುಗರೇ. 1860ರ ದಶಕದಲ್ಲಿ ಮಾಸ್ತರುಗಳಿಗೆಂದೇ ‘ಮಠಪತ್ರಿಕೆ’ ಹೊರಟಿತು. ಮಠವೆಂದರೆ ಇಲ್ಲಿ ಶಾಲೆ. ಮೂಲೆಯ ಹಳ್ಳಿಯ ಏಕೋಪಾಧ್ಯಾಯನಿಗೆ ಡೆಪ್ಯುಟಿ ಸಾಹೇಬರು ವರ್ಷಕ್ಕೊಮ್ಮೆ ಬರುತ್ತಾರೆ. ಪತ್ರಿಕೆಯಾದರೆ ಆಗಾಗ ಬಂದು ಹೇಗೆ ಕಲಿಸಬೇಕೆಂದು ಹೇಳುತ್ತದೆ.

ಇದೇ ಹೊತ್ತಿಗೆ ಇಂಗ್ಲೆಂಡಿನಿಂದ ಇನ್ನೊಂದು ಗಾಳಿಯೂ ಬೀಸಿತು. 1862ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳಿಗೆ ‘ಫಲಕ್ಕೆ ತಕ್ಕ ಹಣ’ ಎಂಬ ನಿಯಮ ತಂದಿತು. ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕ ಮೂರರಲ್ಲೂ ಪ್ರತಿ ಮಗುವನ್ನು ಪರೀಕ್ಷಿಸುವುದು. ತಪ್ಪಿದ ಪ್ರತಿ ವಿಷಯಕ್ಕೆ 2 ಷಿಲ್ಲಿಂಗ್ 8 ಪೆನ್ಸ್ ಕಡಿತ. ಮಗುವಿನ ತಲೆಗೊಂದು ದರ! ಕವಿ ಮ್ಯಾಥ್ಯೂ ಅರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರು. ಇಲಾಖೆಯೊಳಗೇ ಇದ್ದು ಈ ನಿಯಮವನ್ನು ಕಟುವಾಗಿ ವಿರೋಧಿಸಿದ. ಇಂಗ್ಲೆಂಡು ಶತಮಾನದ ಕೊನೆಯ ಹೊತ್ತಿಗೆ ಅದನ್ನು ಬಿಟ್ಟಿತು. ಆದರೆ ಅಷ್ಟರಲ್ಲಿ ಅದು ಮದ್ರಾಸ್, ಮುಂಬಯಿ ಪ್ರಾಂತಗಳ ಅನುದಾನದ ಲೆಕ್ಕಕ್ಕೂ ಹೊಕ್ಕಿತ್ತು. ನಿಯಮ ಹೋದರೂ ಅದು ಕಲಿಸಿದ ಅಭ್ಯಾಸ ಹೋಗಲಿಲ್ಲ.

ಆ ಅಭ್ಯಾಸ ಹಳೆಯ ತಲೆಮಾರಿನವರೆಲ್ಲರಿಗೂ ಗೊತ್ತು. ಇನ್‌ಸ್ಪೆಕ್ಷನ್ ಎಂದರೆ ಒಂದು ವಾರ ಮೊದಲೇ ಶಾಲೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ. ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ ಹುಡುಗರನ್ನು ಹೊಲದಿಂದ ಎಳೆದು ತಂದು ಕೂರಿಸುವುದು. ಮುಂದಿನ ಸಾಲಿನ ಜಾಣರಿಗೆ ಸಾಹೇಬರು ಕೇಳುವ ಪ್ರಶ್ನೆಯನ್ನೂ ಉತ್ತರವನ್ನೂ ಮೊದಲೇ ಬಾಯಿಪಾಠ ಮಾಡಿಸುವುದು. ಸಾಹೇಬರು ರಿಜಿಸ್ಟರುಗಳಿಗೆ ರುಜು ಹಾಕಿ, ಮುಖ್ಯೋಪಾಧ್ಯಾಯರ ಮನೆಯಲ್ಲಿ ಊಟ ಮಾಡಿ, ವಿಸಿಟ್ ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು ಹೊರಡುತ್ತಿದ್ದರು. ಅವರು ಹೋದ ಮಾರನೆಯ ದಿನ ಶಾಲೆ ಎಂದಿನಂತೆಯೇ. ಕಲಿಸಲು ಬಾರದ ಮಾಸ್ತರು ಆ ದಿನ ಕಲಿಯುತ್ತಿದ್ದುದು ಒಂದೇ, ಬಾರದ್ದನ್ನು ಮುಚ್ಚಿಡುವುದು. ನೆರವು ಬೇಕಾದವನು ಯಾರ ಮುಂದೆ ಬಾಯಿ ಬಿಡಬೇಕೋ ಅವರೇ ಬಡ್ತಿ, ವರ್ಗಾವಣೆ ಕೈಯಲ್ಲಿಟ್ಟುಕೊಂಡವರಾದರೆ ಬಾಯಿ ಬಿಡುವುದುಂಟೇ?

ಸ್ವಾತಂತ್ರ್ಯಾನಂತರದ ಆಯೋಗಗಳಿಗೆ ಇದು ಕಾಣದೆ ಇರಲಿಲ್ಲ. 1952–53ರ ಮೊದಲಿಯಾರ್ ಆಯೋಗ ಇನ್‌ಸ್ಪೆಕ್ಟರ್ ಎಂಬ ಹೆಸರನ್ನೇ ತೆಗೆದು ‘ಶೈಕ್ಷಣಿಕ ಸಲಹೆಗಾರ’ ಎನ್ನಿ ಎಂದಿತು. 1964–66ರ ಕೊಠಾರಿ ಆಯೋಗ ಆಡಳಿತ ಬೇರೆ, ಪಾಠದ ಮಾರ್ಗದರ್ಶನ ಬೇರೆ ಇರಲಿ ಎಂದಿತು. ಒಂದು ಹೈಸ್ಕೂಲಿನ ಸುತ್ತಲಿನ ಪ್ರಾಥಮಿಕ ಶಾಲೆಗಳೆಲ್ಲ ಒಂದು ಕೂಟವಾಗಿ, ಹೈಸ್ಕೂಲಿನ ಮುಖ್ಯೋಪಾಧ್ಯಾಯರೇ ಅವಕ್ಕೆ ಹಿರಿಯಣ್ಣನಾಗಲಿ ಎಂದು ಸೂಚಿಸಿತು. ಸೂಚನೆ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತೆಂದರೆ ನಡುವಿನ ಐದು ದಶಕಗಳಲ್ಲಿ ಏನಾಯಿತೆಂದು ಊಹಿಸಬಹುದು.

ಪಾಠದ ಕಡೆಗೆ ಇಲಾಖೆ ನಿಜವಾಗಿ ಒಮ್ಮೆ ತಿರುಗಿದ್ದು ಎಚ್.ಡಿ. ಕೋಟೆಯಲ್ಲಿ. ಕಾಡಂಚಿನ, ಹಾಡಿಗಳ ತಾಲ್ಲೂಕು. ಒಬ್ಬ ಮಾಸ್ತರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಶಾಲೆಗಳು. 1995ರಲ್ಲಿ ಅಲ್ಲಿನ ಶಿಕ್ಷಕರ ತಂಡವೊಂದು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿತು. ಮರಳಿ ಬಂದು ಕನ್ನಡಕ್ಕೆ ಹೊಂದುವ ಕಾರ್ಡುಗಳನ್ನು ಶಿಕ್ಷಕರೇ ಕೂತು ರಚಿಸಿದರು. ಅದೇ ನಲಿ-ಕಲಿ. ಅ, ಆ, ಇ, ಈ ಬದಲು ರ, ಗ, ಸ, ದ, ಅ ಎಂದು ಅಕ್ಷರ ಕಲಿಕೆ ಶುರು. ಐದೇ ಅಕ್ಷರ ಬಂದರೂ ‘ಸರ’, ‘ಗರಗಸ’, ‘ದಸರ’ ಎಂದು ಓದಿಬಿಡಬಹುದು.

ಇದಕ್ಕೆ ಮೇಲಿನವರು ಮಾಡಬೇಕಾಗಿದ್ದ ಕೆಲಸ ಸಣ್ಣದಾಗಿ ಕಾಣುತ್ತದೆ, ಆದರೆ ಸಣ್ಣದಲ್ಲ. ಪಠ್ಯಪುಸ್ತಕವನ್ನು ಬದಿಗಿಡಲು ಒಪ್ಪಬೇಕು. ‘ಎಷ್ಟನೇ ಪಾಠ ಆಯಿತು?’ ಎಂಬ ಪ್ರಶ್ನೆಯನ್ನು ಬಿಡಬೇಕು. ನಲಿ-ಕಲಿ ಕೋಣೆಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯ ಬೇರೆ ಬೇರೆ ಮೆಟ್ಟಿಲಿನಲ್ಲಿರುತ್ತದೆ, ಇಡೀ ತರಗತಿಗೆ ಒಂದು ಉತ್ತರವಿಲ್ಲ. ಗಲಾಟೆಯನ್ನು ಅಶಿಸ್ತು ಎನ್ನಬಾರದು. ಮಕ್ಕಳೂ ಶಿಕ್ಷಕರೂ ನೆಲದ ಮೇಲೆ ಗುಂಪಾಗಿ ಕೂರುವ ಆ ಕೋಣೆಗೆ ಬಂದ ಅಧಿಕಾರಿಗೆ ಕುರ್ಚಿ ಹಾಕಲೂ ಜಾಗ ಸಾಲದು. 2009–10ರಲ್ಲಿ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆಲ್ಲ ಬಂತು. ಕೋಟೆಯ ಶಿಕ್ಷಕರಿಗೆ ಅದು ತಾವೇ ಕಟ್ಟಿದ್ದು. ಉಳಿದವರಿಗೆ ಸುತ್ತೋಲೆಯ ಜೊತೆ ಬಂದ ಪೆಟ್ಟಿಗೆ. ಕಾರ್ಡನ್ನು ಮುದ್ರಿಸಿ ಕಳಿಸಬಹುದು, ಕಾರ್ಡು ಬರೆದ ದಿನಗಳ ಚರ್ಚೆಯನ್ನು ಕಳಿಸಲಾಗದು.

ಆ ಚರ್ಚೆ ಊರೂರಿಗೆ ತಲುಪಲೆಂದೇ ಇನ್ನೊಂದು ಏರ್ಪಾಡು ನಡೆದಿತ್ತು. 1994ರಲ್ಲಿ ಶುರುವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಮೊದಲ ಹಂತದಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳನ್ನು ಆರಿಸಿಕೊಂಡು, ಬ್ಲಾಕಿಗೊಂದು, ಹತ್ತಾರು ಶಾಲೆಗಳ ಕ್ಲಸ್ಟರಿಗೊಂದು ಸಂಪನ್ಮೂಲ ಕೇಂದ್ರವನ್ನು ಹುಟ್ಟುಹಾಕಿತು. ಕ್ಲಸ್ಟರಿನ ಸಿಆರ್‌ಪಿ ಅಧಿಕಾರಿಯಲ್ಲ. ಶಿಕ್ಷಕರ ನಡುವಿನಿಂದಲೇ ಬಂದವರು, ಅವಧಿ ಮುಗಿದರೆ ಮತ್ತೆ ತರಗತಿಗೆ ಮರಳುವವರು. ದಂಡಿಸುವ ಅಧಿಕಾರವಿಲ್ಲದ ಭೇಟಿಗಾರ ಎಂಬುದೇ ಈ ಹುದ್ದೆಯ ಜಾಣತನ. ಮಾಸ್ತರು ಇವರ ಮುಂದೆ ‘ಭಾಗಾಕಾರ ಮಕ್ಕಳಿಗೆ ಹತ್ತುತ್ತಿಲ್ಲ, ನೀವೊಮ್ಮೆ ಮಾಡಿ ತೋರಿಸಿ’ ಎನ್ನಬಹುದು.

ಎನ್ನುವಷ್ಟು ಹೊತ್ತು ಸಿಕ್ಕರೆ. ಇಲಾಖೆಗೆ ಅಂಕಿಅಂಶ ಬೇಕಾದಾಗಲೆಲ್ಲ ಬಿಇಒ ಕಚೇರಿಗೆ ಮೊದಲು ನೆನಪಾಗುವವರು ಸಿಆರ್‌ಪಿಯೇ. ಮುಖ್ಯ ಶಿಕ್ಷಕರ ಪಾಡೂ ಅದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ರ ತರಗತಿಗಳಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರಷ್ಟೇ ಹೆಚ್ಚುವರಿಯಾಗಿ ಒಬ್ಬ ಮುಖ್ಯ ಶಿಕ್ಷಕರು. ಹಳ್ಳಿಯ ಸಣ್ಣ ಶಾಲೆಯಲ್ಲಿ ಮುಖ್ಯ ಶಿಕ್ಷಕರೆಂದರೆ ತಾವೂ ತರಗತಿ ನಡೆಸುತ್ತ, ಬಿಸಿಯೂಟದ ಅಕ್ಕಿಬೇಳೆ ಅಳೆದು, ಹಾಲಿನ ಪುಡಿಯ ಲೆಕ್ಕವಿಟ್ಟು, ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆಯುವವರು. ಪಕ್ಕದ ಕೋಣೆಯ ಹೊಸ ಶಿಕ್ಷಕಿ ಭಿನ್ನರಾಶಿಯನ್ನು ಹೇಗೆ ಕಲಿಸುತ್ತಿದ್ದಾರೆ ಎಂದು ಹೋಗಿ ಅರ್ಧ ಗಂಟೆ ಕೂರಬೇಕಾದವರೂ ಅವರೇ. ಆ ಅರ್ಧ ಗಂಟೆಗೆ ಮಾತ್ರ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ.