ಜೋಗದ ಚಿತ್ರ, ಕೊಡಚಾದ್ರಿಯ ಬೆಳಕು

ಆಷಾಢದ ಒಂದು ಮುಂಜಾನೆ. ಶಿವಮೊಗ್ಗೆಯ ಗೋಪಾಳ ಬಡಾವಣೆಯಲ್ಲಿ ಬೀದಿಯ ದೀಪಗಳು ಇನ್ನೂ ಆರಿಲ್ಲ. ಮಾಡಿನಿಂದ ತೊಟ್ಟಿಕ್ಕುವ ನೀರಿನ ಸದ್ದಿನ ನಡುವೆ ಯಾವುದೋ ಮನೆಯ ಬಾಗಿಲು ತೆರೆಯುತ್ತದೆ. ಹೆಗಲಿಗೆ ಕ್ಯಾಮರಾದ ಚೀಲ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಕಂಕುಳಲ್ಲಿ ಕೊಡೆ. “ಇಂಥ ಮಳೆಯಲ್ಲಿ ಯಾವ ಚಿತ್ರ ತೆಗೆಯುತ್ತೀಯೋ?” ಎಂದು ತಾಯಿ ಒಳಗಿನಿಂದ ಕೇಳಿದರೆ, “ಮಳೆ ಇಲ್ಲದಿದ್ದರೆ ಚಿತ್ರವೇ ಇಲ್ಲ, ಅಮ್ಮಾ” ಎಂಬುದೇ ಉತ್ತರ. ಮಲೆನಾಡಿನ ಛಾಯಾಗ್ರಾಹಕನ ಭಾಗ್ಯವೂ ಸಂಕಟವೂ ಈ ಒಂದು ಮಾತಿನಲ್ಲಿ ಅಡಗಿವೆ. ಬಿಸಿಲು ಬಂದಾಗ ನೀರಿಲ್ಲ. ನೀರು ಬಂದಾಗ ಬೆಳಕಿಲ್ಲ.

ನಾಲ್ಕು ಧಾರೆಗಳ ಮುಂದೆ

ಆಯನೂರು, ಆನಂದಪುರ, ಸಾಗರ, ತಾಳಗುಪ್ಪಗಳನ್ನು ದಾಟಿ ಸುಮಾರು ೧೦೦ ಕಿಲೋಮೀಟರು ಸಾಗಿದರೆ ಜೋಗ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಇಲ್ಲಿ ೮೩೦ ಅಡಿ, ಅಂದರೆ ೨೫೩ ಮೀಟರು ಆಳಕ್ಕೆ ಧುಮುಕುತ್ತಾಳೆ. ರಾಜಾ ಎಂಬ ಧಾರೆ ನೆಟ್ಟಗೆ ಕೆಳಗಿನ ಮಡುವಿಗೆ ಬೀಳುತ್ತದೆ. ರೋರರ್ ಅಬ್ಬರಿಸುತ್ತ ಬಂದು ಅದನ್ನು ಕೂಡಿಕೊಳ್ಳುತ್ತದೆ. ರಾಕೆಟ್ ಬಾಣಗಳ ಗುಂಪಿನಂತೆ ಚಿಮ್ಮುತ್ತದೆ. ರಾಣಿಯೋ, ಬಂಡೆಯ ಮೈಯನ್ನು ಬಿಡದೆ ಬಿಳಿಯ ಸೆರಗಿನಂತೆ ಇಳಿಯುತ್ತಾಳೆ.

ಇಲ್ಲಿ ಮೊದಲ ಬಾರಿ ಕ್ಯಾಮರಾ ಹಿಡಿದವನಿಗೆ ಒಂದು ನಿರಾಶೆ ಕಾದಿರುತ್ತದೆ. ಕಣ್ಣು ಕಂಡ ಮಹತ್ತು ಚಿತ್ರದಲ್ಲಿ ಅಂಗೈಯಗಲದ ಬಿಳಿಯ ಗೆರೆಯಾಗಿ ಕುಗ್ಗುತ್ತದೆ. ಅಳೆಯಲು ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಎಂಟು ನೂರು ಅಡಿಯೂ ಎಂಟು ಅಡಿಯೂ ಒಂದೇ. ಆದ್ದರಿಂದಲೇ ಬಲ್ಲವರು ಅಂಚಿನ ಮರವನ್ನೋ ಕೊಡೆ ಹಿಡಿದು ನಿಂತ ಮನುಷ್ಯನನ್ನೋ ಚಿತ್ರದ ಮೂಲೆಯಲ್ಲಿ ಸೇರಿಸುತ್ತಾರೆ. ಆ ಪುಟ್ಟ ಆಕೃತಿಯಿಂದಲೇ ನೀರು ದೊಡ್ಡದಾಗುತ್ತದೆ.

ಇನ್ನೊಂದು ತೊಡಕು ಬಿಳುಪಿನದು. ಬೆಳಕನ್ನು ಅಳೆಯುವ ಯಂತ್ರ ತನ್ನೆದುರಿನ ದೃಶ್ಯವೆಲ್ಲ ನಸುಬೂದು ಬಣ್ಣದ್ದೆಂದು ನಂಬುತ್ತದೆ. ಮಂಜೂ ನೊರೆಯೂ ತುಂಬಿದ ಕಣಿವೆಗೆ ಅದು ಹೇಳಿದಷ್ಟೇ ಬೆಳಕು ಕೊಟ್ಟರೆ ಹಾಲಿನಂಥ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ತುಸು ಹೆಚ್ಚು ಬೆಳಕು ಕೊಡಲೇಬೇಕು. ಕಾಮನಬಿಲ್ಲನ್ನು ಬಯಸುವವನು ಸೂರ್ಯನಿಗೆ ಬೆನ್ನು ಮಾಡಿ ಹನಿಗಳಿಗೆ ಮುಖ ಮಾಡಿ ಕಾಯಬೇಕು. ಮೋಡ ಸರಿಯುವ ಆ ಅರೆ ಗಳಿಗೆಗೆ ಇಡೀ ದಿನ ಕಾದವರುಂಟು.

ಹರಿಯುವುದನ್ನು ನಿಲ್ಲಿಸುವ ಬಗೆ

ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಮಾತ್ರ ಕ್ಯಾಮರಾದ ಕಣ್ಣು ತೆರೆದರೆ ಪ್ರತಿಯೊಂದು ಹನಿಯೂ ಸ್ಫಟಿಕದಂತೆ ಗಾಳಿಯಲ್ಲಿ ನಿಲ್ಲುತ್ತದೆ. ಅರ್ಧ ಸೆಕೆಂಡು ತೆರೆದಿಟ್ಟರೆ ಅದೇ ನೀರು ರೇಷ್ಮೆಯಾಗುತ್ತದೆ. ರೋರರಿನ ರೋಷಕ್ಕೆ ಮೊದಲನೆಯದು ಒಪ್ಪುತ್ತದೆ. ರಾಣಿಯ ಲಾಸ್ಯಕ್ಕೆ ಎರಡನೆಯದು. ಎರಡನೆಯದಕ್ಕೆ ಸ್ಟ್ಯಾಂಡು ಅವಶ್ಯ. ಕೈ ಎಷ್ಟೇ ಸ್ಥಿರವಾಗಿದ್ದರೂ ಉಸಿರು ಕದಲಿಸದೆ ಬಿಡದು.

ಲಿಂಗನಮಕ್ಕಿಯ ನೆರಳು

ಆದರೆ ಜೋಗದ ಚಿತ್ರ ಕೇವಲ ಬೆಳಕಿನ ಪ್ರಶ್ನೆಯಲ್ಲ. ೧೯೪೦ರ ದಶಕದ ಕೊನೆಯಲ್ಲಿ ಇಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. ೧೯೬೪ರಲ್ಲಿ ಜಲಪಾತದ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ನಾಡಿನ ಮನೆಗಳಲ್ಲಿ ದೀಪ ಹೊತ್ತಿತು. ಕಾರ್ಖಾನೆಗಳ ಚಕ್ರ ತಿರುಗಿತು. ಅದಕ್ಕಾಗಿ ಶರಾವತಿ ಕಣಿವೆಯ ಊರುಗಳು ಮುಳುಗಿದವು, ತೋಟ ಗದ್ದೆಗಳನ್ನು ಬಿಟ್ಟು ಜನ ಬೇರೆಡೆಗೆ ಹೋದರು. ಅಂದಿನಿಂದ ಜೋಗದ ವೈಭವ ಮುಂಗಾರಿನ ಕೃಪೆಯಷ್ಟೇ ಅಲ್ಲ, ಅಣೆಕಟ್ಟಿನ ಬಾಗಿಲುಗಳ ಕೃಪೆಯೂ ಹೌದು.

ಮಳೆಗಾಲದಲ್ಲಿ ತೆಗೆದ ಚಿತ್ರವನ್ನು ಗೋಡೆಯ ಮೇಲೆ ಕಂಡು ಮಾಘಮಾಸದಲ್ಲಿ ಹೊರಟು ಬಂದ ಪ್ರವಾಸಿಗೆ ಬರಿಯ ಕಗ್ಗಲ್ಲಿನ ಗೋಡೆಯೂ ಅದರ ಮೇಲೆ ಬೆಳ್ಳಿಯ ಎಳೆಗಳಂಥ ನೀರೂ ಕಂಡರೆ ಆಶ್ಚರ್ಯವಿಲ್ಲ. ಚಿತ್ರ ಸುಳ್ಳು ಹೇಳಲಿಲ್ಲ. ತನ್ನ ತಿಂಗಳನ್ನು ಹೇಳಲಿಲ್ಲ, ಅಷ್ಟೆ. ತಿಂಗಳೂ ವರ್ಷವೂ ಬರೆದಿಟ್ಟ ಹತ್ತು ಸಾಧಾರಣ ಚಿತ್ರಗಳು ನದಿಯ ಚರಿತ್ರೆಯಾಗಬಲ್ಲವು. ದಿನಾಂಕವಿಲ್ಲದ ಒಂದು ಸುಂದರ ಚಿತ್ರ ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಕಾಡಿನ ಅಬ್ಬಿ, ಬೆಟ್ಟದ ನೆತ್ತಿ

ಅಣೆಕಟ್ಟಿನ ಹಂಗಿಲ್ಲದ ನೀರನ್ನು ಅರಸುವವರು ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ನಡೆಯುತ್ತಾರೆ. ೧,೩೪೩ ಮೀಟರು ಎತ್ತರದ ಈ ಗಿರಿಗೆ ಜೀಪಿನ ದಾರಿಯೂ ಉಂಟು, ಹಿಡ್ಲುಮನೆ ಅಬ್ಬಿಯ ಮೂಲಕ ಹತ್ತುವ ಕಾಲುದಾರಿಯೂ ಉಂಟು. ಕಾಲುದಾರಿಯಲ್ಲಿ ಮೊದಲು ಎದುರಾಗುವವು ಇಂಬಳಗಳು. ಸುಣ್ಣ, ಉಪ್ಪು, ಹೊಗೆಸೊಪ್ಪು ಇವೇ ಅವಕ್ಕೆ ಹಳೆಯ ಮದ್ದು. ಸ್ಟ್ಯಾಂಡು ಹೂಡಿ ಕೂತವನ ಕಾಲನ್ನು ಅವು ಎಂದೂ ಮರೆಯುವುದಿಲ್ಲ.

ದಟ್ಟ ಕಾಡಿನೊಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರಿಗೆ ಮೋಡದ ಮೆದು ಬೆಳಕೇ ಲೇಸು. ಬಿಸಿಲು ಬಿದ್ದರೆ ನೊರೆ ಕಣ್ಣು ಕುಕ್ಕುತ್ತದೆ, ನೆರಳು ಮಸಿಯಾಗುತ್ತದೆ. ಆದರೆ ಪಾಚಿ ಹಿಡಿದ ಬಂಡೆ ಒಳ್ಳೆಯ ಕೋನವನ್ನು ತೋರಿಸಿ ಕರೆಯುವಂತೆಯೇ ಜಾರಿಸಲೂ ಬಲ್ಲದು. ಮೇಲೆಲ್ಲೋ ಸುರಿದ ಮಳೆ ಕ್ಷಣಾರ್ಧದಲ್ಲಿ ಹಳ್ಳವನ್ನು ಉಕ್ಕಿಸಬಲ್ಲದು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಚಿತ್ರ ಚೆನ್ನಾದೀತೆಂಬ ಆಸೆಗೆ ಪ್ರಾಣ ತೆತ್ತವರ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ಅರಣ್ಯ ಇಲಾಖೆಯ ಅನುಮತಿಯೂ ಸ್ಥಳ ಬಲ್ಲವರ ಮಾತೂ ಇಲ್ಲದೆ ಈ ದಾರಿ ಹಿಡಿಯುವುದು ಜಾಣತನವಲ್ಲ.

ಕಾಡು ಮುಗಿದು ಹುಲ್ಲುಗಾವಲು ತೆರೆದಾಗ ಬೆಟ್ಟದ ಮೇಲೆ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠ, ಒಂದು ಪುಟ್ಟ ಕಲ್ಲಿನ ಮಂಟಪ. ಆಕಾಶ ತಿಳಿಯಾಗಿದ್ದರೆ ಪಡುವಣದಲ್ಲಿ ಕಡಲು ಹೊಳೆಯುತ್ತದೆ. ಮಂಜು ಮುತ್ತಿದರೆ ಎದುರಿನ ಒಡನಾಡಿಯೂ ಕಾಣ. ಆಗ ಗೆರೆಗೆರೆಯಾಗಿ ಮಸುಳುವ ಬೆಟ್ಟಸಾಲುಗಳೇ ಚಿತ್ರ.

ಮನೆಗೆ ಬಂದ ಮೇಲೆ

ಗೋಪಾಳದ ಮನೆಗೆ ಹಿಂದಿರುಗಿದ ಮೇಲೂ ಮಳೆ ಬೆನ್ನು ಬಿಡುವುದಿಲ್ಲ. ಒದ್ದೆಯ ಚೀಲದಲ್ಲಿಯೇ ಮರೆತ ಕ್ಯಾಮರಾದ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಒರಸಿ, ತೇವ ಹೀರುವ ಸಿಲಿಕಾ ಹರಳುಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು.

ಕೊನೆಗೆ ತಾಯಿಯ ಮುಂದೆ ಚಿತ್ರ ಬರುತ್ತದೆ. “ನೀರು ಇಷ್ಟಿತ್ತೇನೋ!” ಎಂದು ಅವಳು ಬೆರಗಾಗುತ್ತಾಳೆ. ಮಗ ಚಿತ್ರವನ್ನು ಮಗುಚಿ, ಹಿಂಬದಿಯಲ್ಲಿ ಸ್ಥಳ, ತಿಂಗಳು, ವರ್ಷಗಳನ್ನು ಬರೆಯುತ್ತಾನೆ. ಮುಂದೊಂದು ದಿನ ಅದೇ ಜಾಗದಲ್ಲಿ ನಿಲ್ಲುವವನಿಗೆ ನದಿ ಹೀಗಿತ್ತೆಂದು ಸಾಕ್ಷಿ ಹೇಳಲು ಆ ಒಂದು ಸಾಲು ಸಾಕು.