ಕುತ್ತಿಗೆಯಲ್ಲಿ ಗಂಟು

ನಾವು ಹೆಂಗಸರು ದಿನವೂ ಕುತ್ತಿಗೆ ಮುಟ್ಟಿಕೊಳ್ಳುತ್ತೇವೆ. ತಾಳಿ, ಸರ ಸರಿ ಮಾಡಿಕೊಳ್ಳುತ್ತೇವೆ. ಸ್ನಾನ ಮಾಡುವಾಗ ತಿಕ್ಕಿಕೊಳ್ಳುತ್ತೇವೆ. ಹೀಗೆ ಒಂದು ದಿನ ಕೈಗೆ ಗಂಟು ಸಿಗಬಹುದು. ಕಡಲೆಕಾಳಿನಷ್ಟೋ, ಹುಣಸೆ ಬೀಜದಷ್ಟೋ ಇರುತ್ತದೆ. ನೋವಿಲ್ಲ. ಜ್ವರ ಇಲ್ಲ. "ನೋವೇ ಇಲ್ಲವಲ್ಲ, ತಾನಾಗಿ ಹೋಗುತ್ತೆ ಬಿಡು" ಅಂತ ಸುಮ್ಮನಾಗುತ್ತೇವೆ. ತಿಂಗಳು ಕಳೆಯುತ್ತದೆ. ವರ್ಷವೂ ಕಳೆಯುತ್ತದೆ.

ಹೀಗೆ ಸುಮ್ಮನಿರುವುದು ಸರಿಯೇ? ಸರಿಯಲ್ಲ. ಹಾಗಾದರೆ ಹೆದರಿ ಅಳುತ್ತಾ ಕೂರಬೇಕೇ? ಅದೂ ಬೇಡ. ಯಾಕೆ ಅಂತ ತಿಳಿಯೋಣ ಬನ್ನಿ.

ಥೈರಾಯ್ಡ್ ಅಂದರೆ ಏನು?

ಕುತ್ತಿಗೆಯ ಮುಂದೆ, ಕೆಳಭಾಗದಲ್ಲಿ ಒಂದು ಗ್ರಂಥಿ ಇದೆ. ಅದರ ಹೆಸರು ಥೈರಾಯ್ಡ್. ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಇರುತ್ತದೆ. ತೂಕ ಸುಮಾರು 20 ಗ್ರಾಂ.

ನಮ್ಮ ಊಟದಲ್ಲಿ ಅಯೋಡಿನ್ ಇರುತ್ತದೆ. ಅಯೋಡಿನ್ ಉಪ್ಪು, ಮೀನು, ಹಾಲಿನಿಂದ ಅದು ಸಿಗುತ್ತದೆ. ಥೈರಾಯ್ಡ್ ಅದನ್ನು ಹೀರಿಕೊಂಡು ಒಂದು ರಸ ತಯಾರಿಸುತ್ತದೆ. ಮೈ ಬಿಸಿಯಾಗಿರಲು, ಚುರುಕಾಗಿರಲು ಈ ರಸ ಬೇಕೇ ಬೇಕು.

ಅಯೋಡಿನ್ ಸಾಲದಿದ್ದರೆ ಈ ಗ್ರಂಥಿ ಊದಿಕೊಳ್ಳುತ್ತದೆ. ಅದೇ ಗಳಗಂಡ. ಗಳಗಂಡ ಕ್ಯಾನ್ಸರ್ ಅಲ್ಲ. ಥೈರಾಯ್ಡಿನಲ್ಲಿ ಬೇರೆ ಗಡ್ಡೆಗಳೂ ಬರುತ್ತವೆ. ಹತ್ತು ಗಡ್ಡೆಗಳಲ್ಲಿ ಸುಮಾರು ಒಂಬತ್ತು ಕ್ಯಾನ್ಸರ್ ಅಲ್ಲ. ಆದರೆ ಉಳಿದ ಒಂದು ಯಾವುದು ಅಂತ ಕೈಯಲ್ಲಿ ಮುಟ್ಟಿ ಹೇಳಲು ಬರುವುದಿಲ್ಲ. ಪರೀಕ್ಷೆ ಮಾಡಿಸಲೇಬೇಕು. ಥೈರಾಯ್ಡ್ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಿಗೆ ಸುಮಾರು ಮೂರು ಪಟ್ಟು ಹೆಚ್ಚು. ಅದಕ್ಕೇ ನಾವು ಇದನ್ನು ತಿಳಿದಿರಬೇಕು.

ಪಕ್ಕದಲ್ಲಿ ಬರುವ ಗಂಟು ಯಾವುದು?

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಬರುತ್ತೆ, ಅಲ್ವಾ? ಹಲ್ಲು ಹುಳುಕಾದರೆ ದವಡೆಯ ಕೆಳಗೆ ಗಂಟು ಬರುತ್ತೆ. ಈ ಗಂಟುಗಳು ಹೊಸದಾಗಿ ಹುಟ್ಟಿದ್ದಲ್ಲ. ಮೊದಲೇ ಇದ್ದವು. ಈಗ ಊದಿಕೊಂಡು ಕೈಗೆ ಸಿಕ್ಕವು. ಇವನ್ನು ದುಗ್ಧಗ್ರಂಥಿ ಎನ್ನುತ್ತಾರೆ. ಡಾಕ್ಟರು ಲಿಂಫ್ ನೋಡ್ ಅನ್ನುತ್ತಾರೆ.

ನಮ್ಮ ಮೈಯಲ್ಲಿ ರಕ್ತದ ನಾಳಗಳಿವೆ. ಜೊತೆಗೆ ತಿಳಿಯಾದ ರಸ ಹರಿಯುವ ಸಣ್ಣ ನಾಳಗಳೂ ಇವೆ. ಆ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ದುಗ್ಧಗ್ರಂಥಿಗಳು ಇವೆ. ಅವು ಜರಡಿಯ ಹಾಗೆ. ಹರಿದು ಬಂದ ರೋಗಾಣು, ಕಸ ಎಲ್ಲವನ್ನೂ ತಡೆದು ಹಿಡಿಯುತ್ತವೆ. ಮೈಯಲ್ಲಿ ಇಂಥ ಗ್ರಂಥಿಗಳು ನೂರಾರು. ಕುತ್ತಿಗೆಯಲ್ಲಂತೂ ಬಹಳ ಇವೆ.

ಕ್ಯಾನ್ಸರ್ ಅಲ್ಲಿಗೆ ಹೇಗೆ ಹೋಗುತ್ತದೆ?

ಒಂದು ಹೊಲದಲ್ಲಿ ಕಳೆ ಬೆಳೆದಿದೆ ಅನ್ನೋಣ. ಅದರ ಬೀಜ ಕಾಲುವೆ ನೀರಿಗೆ ಬೀಳುತ್ತದೆ. ತೇಲಿಕೊಂಡು ಪಕ್ಕದ ಹೊಲಕ್ಕೆ ಹೋಗುತ್ತದೆ. ಅಲ್ಲೂ ಅದೇ ಕಳೆ ಮೊಳೆಯುತ್ತದೆ.

ಇದೂ ಹಾಗೆಯೇ. ಥೈರಾಯ್ಡಿನ ಕ್ಯಾನ್ಸರ್ ಕಣಗಳು ಕಳಚಿ ಆ ರಸದಲ್ಲಿ ಸೇರುತ್ತವೆ. ಹರಿದು ಹೋಗಿ ದುಗ್ಧಗ್ರಂಥಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲೇ ಬೆಳೆಯುತ್ತವೆ. ಆಗ ಕುತ್ತಿಗೆಯ ಪಕ್ಕದಲ್ಲಿ ಗಂಟು ಕಾಣುತ್ತದೆ. ಇದು ಎರಡನೆಯ ಕಾಯಿಲೆ ಅಲ್ಲ. ಅದೇ ಥೈರಾಯ್ಡ್ ಕ್ಯಾನ್ಸರ್.

ಒಮ್ಮೊಮ್ಮೆ ಥೈರಾಯ್ಡಿನಲ್ಲಿರುವ ಗಡ್ಡೆ ತೀರಾ ಸಣ್ಣದು. ಕೈಗೆ ಸಿಗುವುದಿಲ್ಲ. ಪಕ್ಕದ ಗಂಟೇ ಮೊದಲು ಕಾಣುತ್ತದೆ. ಅದಕ್ಕೇ ಪಕ್ಕದ ಗಂಟನ್ನೂ ಬಿಡಬಾರದು.

"ಹರಡಿದೆ" ಅಂದರೆ ಮುಗಿಯಿತೇ?

"ಕ್ಯಾನ್ಸರ್ ಹರಡಿದೆ" ಅಂತ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. "ಇನ್ನೇನಿದೆ, ದುಡ್ಡು ಯಾಕೆ ಹಾಳು" ಅಂತ ಚಿಕಿತ್ಸೆಯನ್ನೇ ಬಿಡುವವರಿದ್ದಾರೆ. ಇದು ದೊಡ್ಡ ತಪ್ಪು.

ಥೈರಾಯ್ಡ್ ಕ್ಯಾನ್ಸರಿನಲ್ಲಿ ಹಲವು ಬಗೆ ಇವೆ. ಹತ್ತು ಜನರಲ್ಲಿ ಸುಮಾರು ಎಂಟು ಜನಕ್ಕೆ ಬರುವುದು ಪ್ಯಾಪಿಲರಿ ಎಂಬ ಬಗೆ. ಇದು ದುಗ್ಧಗ್ರಂಥಿಗೆ ಹೋಗುವುದು ಸಾಮಾನ್ಯ. ಆದರೆ ನಿಧಾನವಾಗಿ ಬೆಳೆಯುತ್ತದೆ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

2018ರಿಂದ ಡಾಕ್ಟರುಗಳು ಬಳಸುತ್ತಿರುವ ಒಂದು ಲೆಕ್ಕ ಇದೆ. ಈ ಬಗೆಯ ಕ್ಯಾನ್ಸರ್ ಬಂದವರ ವಯಸ್ಸು 55 ವರ್ಷಕ್ಕಿಂತ ಕಡಿಮೆ ಅನ್ನೋಣ. ಕಾಯಿಲೆ ಕುತ್ತಿಗೆಯ ದುಗ್ಧಗ್ರಂಥಿಗೆ ಹೋಗಿದೆ. ಆದರೆ ಶ್ವಾಸಕೋಶ, ಮೂಳೆಗಳಂಥ ದೂರದ ಜಾಗಕ್ಕೆ ಹೋಗಿಲ್ಲ. ಆಗಲೂ ಅದು ಮೊದಲನೆಯ ಹಂತವೇ. ಬೇರೆ ಎಷ್ಟೋ ಕ್ಯಾನ್ಸರಿಗೆ ಈ ಮಾತು ಹೇಳಲು ಆಗುವುದಿಲ್ಲ.

ಹಾಗಂತ ಗಂಟು ಇದ್ದರೂ ಪರವಾಗಿಲ್ಲ ಎಂದಲ್ಲ. ಗಂಟಿಗೆ ಹೋದ ಕಾಯಿಲೆ ಕುತ್ತಿಗೆಯಲ್ಲಿ ಮತ್ತೆ ಬರುವ ಸಂಭವ ಹೆಚ್ಚು. ತಡ ಮಾಡಿದಷ್ಟು ಕಷ್ಟ. ಅಪರೂಪಕ್ಕೆ, ವಯಸ್ಸಾದವರಲ್ಲಿ, ಬಹಳ ಬೇಗ ಬೆಳೆಯುವ ಕೆಟ್ಟ ಬಗೆಯೂ ಇದೆ. ಗಡ್ಡೆ ವಾರ ವಾರಕ್ಕೆ ದೊಡ್ಡದಾದರೆ ಒಂದು ದಿನವೂ ಕಾಯಬಾರದು. ಇನ್ನೊಂದು ಬಗೆ ಕೆಲವು ಮನೆತನಗಳಲ್ಲಿ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಹೇಳಬೇಕು.

ಯಾವ ಪರೀಕ್ಷೆ ಮಾಡುತ್ತಾರೆ?

ಮೊದಲು ಕುತ್ತಿಗೆ ಮುಟ್ಟಿ ನೋಡುತ್ತಾರೆ. ರಕ್ತ ಪರೀಕ್ಷೆ ಮಾಡುತ್ತಾರೆ. ಆಮೇಲೆ ಸ್ಕ್ಯಾನಿಂಗ್. ಬಸುರಿಯರಿಗೆ ಹೊಟ್ಟೆಗೆ ಮಾಡುವಂಥದ್ದೇ ಸ್ಕ್ಯಾನಿಂಗ್. ನೋವಾಗುವುದಿಲ್ಲ. ಅನುಮಾನ ಬಂದರೆ ಸಣ್ಣ ಸೂಜಿಯಿಂದ ಗಡ್ಡೆಯ, ಗಂಟಿನ ಕಣ ತೆಗೆದು ನೋಡುತ್ತಾರೆ.

"ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ" ಅಂತ ಕೆಲವರು ಹೆದರಿಸುತ್ತಾರೆ. ಆ ಮಾತಿಗೆ ಹೆದರಿ ಪರೀಕ್ಷೆ ಬಿಡಬೇಡಿ. ನಮ್ಮ ದೇಶದಲ್ಲಿ ಕ್ಷಯ ರೋಗದಿಂದಲೂ ಕುತ್ತಿಗೆಯಲ್ಲಿ ಗಂಟು ಬರುತ್ತದೆ. ಕ್ಷಯಕ್ಕೆ ಔಷಧ ಬೇರೆ, ಕ್ಯಾನ್ಸರಿಗೆ ಚಿಕಿತ್ಸೆ ಬೇರೆ. ಯಾವುದು ಅಂತ ತಿಳಿಯಲು ಸೂಜಿ ಪರೀಕ್ಷೆ ಬೇಕು.

ಚಿಕಿತ್ಸೆ ಏನು?

ಮುಖ್ಯವಾದದ್ದು ಆಪರೇಷನ್. ಕ್ಯಾನ್ಸರ್ ಗಂಟಿಗೆ ಹೋಗಿದ್ದರೆ ಸಾಮಾನ್ಯವಾಗಿ ಇಡೀ ಥೈರಾಯ್ಡ್ ತೆಗೆಯುತ್ತಾರೆ. ಗಂಟುಗಳಿರುವ ಭಾಗವನ್ನೂ ತೆಗೆಯುತ್ತಾರೆ.

ಆಪರೇಷನ್ ಆದ ಮೇಲೆ ಕೆಲವರಿಗೆ ದನಿ ಒಡೆಯುತ್ತದೆ. ಕೆಲವರಿಗೆ ಬೆರಳು, ತುಟಿ ಜುಮ್ ಜುಮ್ ಅನ್ನುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೀಗೆ ಆಗುತ್ತದೆ. ತಕ್ಷಣ ಡಾಕ್ಟರಿಗೆ ಹೇಳಬೇಕು. ಅದಕ್ಕೆ ಮಾತ್ರೆ ಇದೆ.

ಕೆಲವರಿಗೆ ವಿಕಿರಣ ಇರುವ ಅಯೋಡಿನ್ ಔಷಧ ಕೊಡುತ್ತಾರೆ. ಥೈರಾಯ್ಡಿನ ಕಣ ಎಲ್ಲೇ ಇದ್ದರೂ ಅಯೋಡಿನ್ ಹೀರುತ್ತದೆ, ಅಲ್ಲವೇ? ಉಳಿದ ಕ್ಯಾನ್ಸರ್ ಕಣಗಳೂ ಈ ಔಷಧ ಹೀರಿ ಸಾಯುತ್ತವೆ. ಬಸುರಿಯರು ಇದನ್ನು ತೆಗೆದುಕೊಳ್ಳಬಾರದು. ಹಾಲೂಡಿಸುವವರೂ ತೆಗೆದುಕೊಳ್ಳಬಾರದು. ಮುಟ್ಟು ನಿಂತಿದ್ದರೆ ನಾಚಿಕೆ ಬಿಟ್ಟು ಮೊದಲೇ ಹೇಳಬೇಕು. ಔಷಧ ಕುಡಿದ ಮೇಲೆ ಕೆಲವು ದಿನ ಬೇರೆ ಕೋಣೆಯಲ್ಲಿ ಇರಬೇಕು. ಇದು ಮೈಲಿಗೆ ಅಲ್ಲ. ಮಕ್ಕಳಿಗೆ ವಿಕಿರಣ ತಗುಲದಿರಲಿ ಅಂತ.

ಥೈರಾಯ್ಡ್ ತೆಗೆದ ಮೇಲೆ ಅದರ ರಸ ಮೈಗೆ ಎಲ್ಲಿಂದ ಬರಬೇಕು? ಮಾತ್ರೆಯಿಂದ. ದಿನವೂ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ ನುಂಗಬೇಕು. ಕಾಫಿ, ಟೀ ಅರ್ಧ ಗಂಟೆ ಆದ ಮೇಲೆ. ಬದುಕಿರುವ ತನಕ ಈ ಮಾತ್ರೆ ಬೇಕು. "ಚೆನ್ನಾಗಿದ್ದೇನಲ್ಲ" ಅಂತ ನಿಲ್ಲಿಸಬಾರದು. ಬಸುರಿಯಾದರೂ ನಿಲ್ಲಿಸಬಾರದು, ಡಾಕ್ಟರಿಗೆ ತೋರಿಸಬೇಕು.

ಈಗ ನಮಗೆ ಓದಲು ಬರುತ್ತದೆ. ಮಾತ್ರೆಯ ಹೆಸರು ನಾವೇ ಓದೋಣ. ಮತ್ತೆ ಬರಬೇಕಾದ ತಾರೀಖು ನಾವೇ ಓದೋಣ. ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಜೋಪಾನವಾಗಿ ಇಡೋಣ. ಗಂಟು ಮತ್ತೆ ಬಂದಿದೆಯೇ ಅಂತ ವರ್ಷ ವರ್ಷವೂ ನೋಡಿಸಬೇಕು.

ಜನ ಏನೆನ್ನುತ್ತಾರೋ?

ಇದು ಅಂಟುವ ರೋಗ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಕುತ್ತಿಗೆಯಲ್ಲಿ ಕಲೆ ಉಳಿಯುತ್ತದೆ, ನಿಜ. "ಮಗಳ ಮದುವೆ ಹೇಗೆ?" ಅಂತ ತಾಯಂದಿರು ಮುಚ್ಚಿಡುತ್ತಾರೆ. ಕಲೆ ದೊಡ್ಡದೋ, ಮಗಳ ಜೀವ ದೊಡ್ಡದೋ? ಚಿಕಿತ್ಸೆ ಪಡೆದವರು ಮದುವೆ ಆಗಬಹುದು. ಡಾಕ್ಟರು ಹೇಳಿದಷ್ಟು ಕಾಲ ಬಿಟ್ಟು ಮಕ್ಕಳನ್ನೂ ಹೆರಬಹುದು.

ಎಲ್ಲಿಗೆ ಹೋಗಬೇಕು?

ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಶುರುವಾದದ್ದು. ಅದು ಸರ್ಕಾರದ್ದು. ಬಡ ಕುಟುಂಬಗಳಿಗೆ ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಯಲ್ಲಿ ಒಯ್ಯಿರಿ.

ನೆನಪಿಡೋಣ

1. ಕನ್ನಡಿ ಮುಂದೆ ನಿಂತು ಒಂದು ಗುಟುಕು ನೀರು ನುಂಗಿ. ಕುತ್ತಿಗೆಯ ಮುಂದೆ ಗಡ್ಡೆ ಮೇಲೆ ಹೋಗಿ ಕೆಳಗೆ ಬಂದರೆ ಡಾಕ್ಟರಿಗೆ ತೋರಿಸಿ.

2. ಕುತ್ತಿಗೆಯ ಪಕ್ಕದ ಗಂಟು ಮೂರು ವಾರವಾದರೂ ಹೋಗದಿದ್ದರೆ ತೋರಿಸಿ.

3. ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ ಕಾಯದೆ ಹೋಗಿ.

4. ಗಂಟಿಗೆ ಬರೆ ಹಾಕಿಸಬೇಡಿ. ಸುಣ್ಣ ಹಚ್ಚಬೇಡಿ. ಕುಯ್ಯಿಸಬೇಡಿ.

5. ನೋವಿಲ್ಲದ ಗಂಟನ್ನೂ ತೋರಿಸಿ. ನೋವು ಬರಲಿ ಅಂತ ಕಾಯಬೇಡಿ.

ಈ ಪಾಠವನ್ನು ಓದು ಬಾರದ ಅಕ್ಕಪಕ್ಕದವರಿಗೂ ಓದಿ ಹೇಳೋಣ.